ಊರಂಚಿನ ಚಿರತೆಯೂ ದನಕರುಗಳ ರಕ್ಷಣೆಯೂ

ಮೈಸೂರು, ಮಂಡ್ಯ, ಹಾಸನ, ತುಮಕೂರು ಜಿಲ್ಲೆಗಳಲ್ಲಿಯೂ, ರಾಮನಗರ ಮಾಗಡಿಗಳ ಕಲ್ಲುಗುಡ್ಡದ ಸೀಮೆಯಲ್ಲಿಯೂ, ಚಿರತೆಯು ಊರಿನ ಬಳಿಗೆ ಬಂದಿತೆಂಬ ವರ್ತಮಾನವು ಕೇಳಿಬಾರದ ತಿಂಗಳು ಈಚೆಗೆ ಇಲ್ಲವೆಂದೇ ಹೇಳಬಹುದು. ಒಂದು ಕಡೆ ಹಿತ್ತಿಲಲ್ಲಿ ಕಟ್ಟಿದ್ದ ಕರು ಹೋಯಿತೆಂತಲೂ, ಮತ್ತೊಂದು ಕಡೆ ಕಬ್ಬು ಕಡಿಯುವಾಗ ಮರಿಗಳು ಸಿಕ್ಕಿದವೆಂತಲೂ, ಇನ್ನೊಂದು ಕಡೆ ಕಟ್ಟೆಯಿಲ್ಲದ ಬಾವಿಯಲ್ಲಿ ಬಿದ್ದಿತೆಂತಲೂ ಸುದ್ದಿ ಬರುತ್ತದೆ. ಸುದ್ದಿ ಬಂದ ಕೂಡಲೆ ಜನರು ಹುಡುಕಿಕೊಂಡು ಹೋಗುವುದು ಗ್ರಾಮದ ಮುಖಂಡರ ಮನೆಯ ಬಾಗಿಲಿಗೆ. ಆ ಗಳಿಗೆಯಲ್ಲಿ ಮುಖಂಡರು ಏನು ಹೇಳುವರೋ ಅದರ ಮೇಲೆ ಮುಂದಿನ ಕಾರ್ಯವೆಲ್ಲವೂ ನಿಂತಿರುತ್ತದೆ. ಬೋನು ತರಿಸಬೇಕೆ, ಬಡಿಗೆ ಹಿಡಿದು ಹೊರಡಬೇಕೆ, ಇಲ್ಲವೆ ದೊಡ್ಡಿಯ ಬಾಗಿಲನ್ನು ಸರಿಮಾಡಿಸಬೇಕೆ ಎಂಬ ಈ ಮೂರರಲ್ಲಿ ಯಾವುದು ಮೊದಲು, ಯಾವುದು ಕೂಡದು, ಏಕೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ಇದು ಬರಿಯ ಕುರಿಮೇಕೆಗಳ ನಷ್ಟದ ವಿಷಯವಲ್ಲ. 2022ನೆಯ ಇಸವಿ ಅಕ್ಟೋಬರ್ ತಿಂಗಳ ಕೊನೆಯಿಂದ 2023ನೆಯ ಇಸವಿ ಜನವರಿ ತಿಂಗಳೊಳಗಾಗಿ, ಮೂರು ತಿಂಗಳಿಗೂ ಕಡಮೆಯಾದ ಅವಧಿಯಲ್ಲಿ, ತಿರುಮಕೂಡಲು ನರಸೀಪುರ ತಾಲ್ಲೂಕೊಂದರಲ್ಲಿಯೇ ನಾಲ್ವರು ಚಿರತೆಯ ಬಾಯಿಗೆ ಸಿಕ್ಕಿ ಪ್ರಾಣ ಬಿಟ್ಟರು. ಅವರಲ್ಲಿ ಓದುವ ವಯಸ್ಸಿನವರೂ, ಒಬ್ಬ ಚಿಕ್ಕ ಹುಡುಗನೂ ಇದ್ದರು. ಅದಕ್ಕೆ ಹಿಂದೆ, 2020ನೆಯ ಇಸವಿ ಮೇ ತಿಂಗಳಲ್ಲಿ, ಮಾಗಡಿ ತಾಲ್ಲೂಕಿನಲ್ಲಿ ಸೆಖೆಗೆಂದು ಬಾಗಿಲು ತೆರೆದು ಮಲಗಿದ್ದ ಮನೆಯೊಳಗಿಂದ ಒಂದು ಕೂಸನ್ನು ಚಿರತೆಯು ಎಳೆದುಕೊಂಡು ಹೋಯಿತು. ಇಂತಹ ದುಃಖವು ಒದಗಿದ ಊರಿನವರಿಗೆ ಕಾಡಿನ ಮೃಗವನ್ನು ಕಾಪಾಡುವ ಮಾತು ರುಚಿಸದಿರುವುದು ಸಹಜವೇ ಸರಿ. ಆದರೆ ಕೋಪದಲ್ಲಿ ಮಾಡಿದ ಕೆಲಸವು ಮುಂದಿನ ಮಗುವಿನ ಪ್ರಾಣಕ್ಕೆ ಅಪಾಯವನ್ನು ಹೆಚ್ಚಿಸಿದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಬೋನಿನ ವಿಷಯದಲ್ಲಿ ಹೀಗೆಯೇ ಆಗಿರುವುದುಂಟು. ಅದನ್ನು ಮುಂದೆ ವಿವರಿಸಲಾಗುವುದು.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಹಳ್ಳಿಗಳಲ್ಲಿ ಚಿರತೆಯನ್ನೇ ಕಿರುಬನೆಂದು ಕರೆಯುವ ವಾಡಿಕೆಯುಂಟು. ಕತ್ತೆಕಿರುಬವಾದರೋ ಬೇರೆಯ ಪ್ರಾಣಿ. ಅದು ಬೆಕ್ಕಿನ ಜಾತಿಯೂ ಅಲ್ಲ, ನಾಯಿಯ ಜಾತಿಯೂ ಅಲ್ಲ, ಬಹುಮಟ್ಟಿಗೆ ಸತ್ತ ಪ್ರಾಣಿಯ ಮಾಂಸದಿಂದ ಜೀವಿಸುವಂಥದು. ಹೀಗಿರುವುದರಿಂದ "ಕಿರುಬ ಬಂದಿತ್ತು" ಎಂದು ಬರೆದುಕೊಟ್ಟ ಅರ್ಜಿಯನ್ನು ಓದಿದ ಅಧಿಕಾರಿಗೆ ಬಂದದ್ದು ಯಾವುದೆಂದು ತಿಳಿಯದೆ ಹೋಗುತ್ತದೆ. ಚೀತಾ ಎಂಬ ಹೆಸರನ್ನು ಕೆಲವರು ಚಿರತೆಗೆ ಹೇಳುವರು. ಆ ಮೃಗವು ಭಾರತದಲ್ಲಿ ನಿರ್ಮೂಲವಾಯಿತೆಂದು 1952ರಲ್ಲಿಯೇ ಪ್ರಕಟಿಸಲಾಯಿತು. 2022ರಲ್ಲಿ ಆಫ್ರಿಕಾ ಖಂಡದಿಂದ ತರಿಸಿ ಬಿಟ್ಟದ್ದು ಮಧ್ಯಪ್ರದೇಶದ ಕೂನೋ ಅರಣ್ಯದಲ್ಲಿಯೇ ವಿನಾ ನಮ್ಮ ಸೀಮೆಯಲ್ಲಲ್ಲ. ಕರಿಚಿರತೆಯೆಂಬುದು ಬೇರೊಂದು ಜಾತಿಯಲ್ಲ. ಮೈಬಣ್ಣ ಕಪ್ಪಾಗಿ ಹುಟ್ಟಿದ ಚಿರತೆಯೇ ಅದು, ಬಿಸಿಲಿನಲ್ಲಿ ನೋಡಿದರೆ ಅದರ ಮೈಮೇಲೂ ಚುಕ್ಕೆಯ ಗುಂಪುಗಳು ಕಾಣುತ್ತವೆ.

ಇನ್ನು ಚಿರತೆಯ ಮರಿಯೆಂದು ಜನರು ಗಾಬರಿಗೊಳ್ಳುವ ಸಣ್ಣ ಬೆಕ್ಕುಗಳ ವಿಷಯ. ಹೊಲಗದ್ದೆಗಳ ಅಂಚಿನಲ್ಲಿಯೂ, ಕೆರೆಯ ಜೊಂಡಿನಲ್ಲಿಯೂ ಓಡಾಡುವ ಕಾಡುಬೆಕ್ಕು ಉದ್ದಕಾಲಿನದು; ಬಾಲವು ಮೋಟು, ಅದರ ತುದಿಯಲ್ಲಿ ಕಪ್ಪು ಉಂಗುರಗಳು; ಮೈಮೇಲೆ ಚುಕ್ಕೆಗಳಿರುವುದಿಲ್ಲ. ಅದಕ್ಕಿಂತಲೂ ಬಹಳ ಸಣ್ಣದಾದ ಮತ್ತೊಂದು ಬೆಕ್ಕು ಉಂಟು. ಅದರ ಬೂದುಮೈಯಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಸಾಲಾಗಿರುತ್ತವೆ. ತೂಕವು ಸುಮಾರು ಒಂದರಿಂದ ಒಂದೂವರೆ ಕಿಲೋಗ್ರಾಂ ಮಾತ್ರ. ಲೋಕದಲ್ಲಿರುವ ಕಾಡುಬೆಕ್ಕಿನ ಜಾತಿಗಳಲ್ಲೆಲ್ಲ ಅತ್ಯಂತ ಚಿಕ್ಕವುಗಳಲ್ಲಿ ಇದೊಂದು. ಭಾರತ, ಸಿಂಹಳ, ನೇಪಾಳಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಇವೆರಡೂ ಎಂದಾದರೊಮ್ಮೆ ಕೋಳಿಗೂಡಿಗೆ ಬಾಯಿ ಹಾಕುವುದು ನಿಜವಾದರೂ, ವರ್ಷದ ಹೆಚ್ಚಿನ ದಿವಸಗಳಲ್ಲಿ ಇವುಗಳ ಆಹಾರವು ಇಲಿ ಹೆಗ್ಗಣಗಳೇ. ಕಾಳುಬೆಳೆಯುವ ರೈತನು ಸಂಬಳವಿಲ್ಲದ ಈ ಕಾವಲುಗಾರನನ್ನು ಕಲ್ಲಿನಿಂದ ಹೊಡೆದು ಕೊಲ್ಲುವುದು ಅವಿವೇಕವೇ ಹೊರತು ಬೇರಲ್ಲ.

ದನ ಕುರಿಗಳು ಸತ್ತಾಗ ಕೊಂದದ್ದು ಯಾವುದೆಂದು ನಿಷ್ಕರ್ಷೆ ಮಾಡುವುದು ಮುಖಂಡರ ಮೊದಲ ಕೆಲಸ. ಸಾಮಾನ್ಯವಾಗಿ ಎಲ್ಲ ನಷ್ಟವನ್ನೂ ಚಿರತೆಯ ತಲೆಗೇ ಕಟ್ಟುವ ರೂಢಿ ಬೆಳೆದಿದೆ. ಅದರಿಂದ ಎರಡು ಬಗೆಯ ಹಾನಿಯುಂಟು: ನಿಜವಾಗಿ ಕೊಂದ ಪ್ರಾಣಿಯು ಮತ್ತೆ ಬರುತ್ತದೆ, ಪರಿಹಾರದ ಅರ್ಜಿಯೂ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ. ಚಿರತೆಯು ಸಾಧಾರಣವಾಗಿ ಗಂಟಲನ್ನು ಹಿಡಿದು ಉಸಿರುಗಟ್ಟಿಸಿ ಕೊಲ್ಲುತ್ತದೆ. ಗಂಟಲಿನ ಕೂದಲನ್ನು ಸರಿಸಿ ನೋಡಿದರೆ ಕೋರೆಹಲ್ಲುಗಳು ಇಳಿದ ತೂತುಗಳು ಸ್ಪಷ್ಟವಾಗಿ ಕಾಣುತ್ತವೆ. ಹೊರಗೆ ರಕ್ತ ಹೆಚ್ಚಾಗಿ ಚೆಲ್ಲಿರುವುದಿಲ್ಲ. ಕೊಂದ ಸ್ಥಳದಲ್ಲಿಯೇ ತಿನ್ನದೆ ಪೊದೆಯ ಮರೆಗೋ, ಕಬ್ಬಿನ ಒಳಕ್ಕೋ, ಕೆಲವು ವೇಳೆ ಮರದ ಮೇಲಕ್ಕೋ ಎಳೆದುಕೊಂಡು ಹೋಗುವುದು ಅದರ ಸ್ವಭಾವ. ಎಳೆದ ಜಾಡು ಧೂಳಿನಲ್ಲಿ ಉಳಿದಿರುತ್ತದೆ. ತಿನ್ನುವುದನ್ನು ಹೆಚ್ಚಾಗಿ ಹೊಟ್ಟೆ ಎದೆಗಳ ಕಡೆಯಿಂದ ಆರಂಭಿಸುತ್ತದೆ. ಹುಲಿಯಾದರೋ ತೊಡೆಯ ಹಿಂಭಾಗದಿಂದ ಆರಂಭಿಸುವುದು. ಚಿರತೆಯಲ್ಲಿ ಗಂಡು ಸಾಮಾನ್ಯವಾಗಿ 50ರಿಂದ 70 ಕಿಲೋಗ್ರಾಂ, ಹೆಣ್ಣು 30ರಿಂದ 45 ಕಿಲೋಗ್ರಾಂ ತೂಗುವುದಾದ್ದರಿಂದ, ಮೇಕೆ, ಕುರಿ, ಕರು, ನಾಯಿ ಇವೇ ಅದರ ಅಳತೆಗೆ ತಕ್ಕ ಬೇಟೆ. ಬಲಿತ ಎತ್ತೊಂದು ಬಿದ್ದಿದ್ದರೆ, ಅದರಲ್ಲಿಯೂ ಬಂಡೀಪುರ ನಾಗರಹೊಳೆಗಳ ಅಂಚಿನ ಗ್ರಾಮಗಳಲ್ಲಿ, ಹುಲಿಯ ಕೆಲಸವಿರಬಹುದೆಂದು ಅನುಮಾನಿಸಿ ಆ ಸ್ಥಳಕ್ಕೆ ಯಾರೂ ಒಬ್ಬೊಬ್ಬರಾಗಿ ಹೋಗದಂತೆ ನೋಡಿಕೊಳ್ಳತಕ್ಕದ್ದು.

ಬೀದಿನಾಯಿಗಳ ಹಿಂಡು ಕುರಿದೊಡ್ಡಿಗೆ ನುಗ್ಗಿದರೆ ಅದರ ಲಕ್ಷಣವೇ ಬೇರೆ. ತೊಡೆ, ಬಾಲ, ಕಿವಿ, ಪಕ್ಕೆಗಳಲ್ಲಿ ಹರಕುಮುರುಕಾದ ಗಾಯಗಳು ಅನೇಕವಿರುತ್ತವೆ. ಹಲವು ಕುರಿಗಳು ಸತ್ತಿದ್ದರೂ ತಿಂದದ್ದು ಸ್ವಲ್ಪವೇ. ಗಾಯಗೊಂಡು ಬದುಕಿರುವವೂ ಇರುತ್ತವೆ. ತೋಳವು ಬಯಲಿನಲ್ಲಿ ಹಗಲು ಹೊತ್ತಿನಲ್ಲಿಯೇ ಮಂದೆಯಿಂದ ಒಂದು ಮರಿಯನ್ನು ಕಚ್ಚಿಕೊಂಡು ಓಡುವುದುಂಟು. ನರಿಯು ಆಗತಾನೆ ಹುಟ್ಟಿದ ಮರಿಗಳನ್ನು ಬಿಟ್ಟು ದೊಡ್ಡದರ ತಂಟೆಗೆ ಹೋಗುವುದು ಅಪರೂಪ. ಹೆಜ್ಜೆಯ ಗುರುತಿನಿಂದಲೂ ಬಹಳ ಮಟ್ಟಿಗೆ ತಿಳಿಯಬಹುದು. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಚಿರತೆಯ ಹೆಜ್ಜೆಯಲ್ಲಿ ಉಗುರಿನ ಗುರುತಿರುವುದಿಲ್ಲ. ನಾಲ್ಕು ಬೆರಳುಗಳೂ ಅಗಲವಾದ ಹಿಂಗಾಲ್ಮೆತ್ತೆಯೂ ಮೂಡಿ, ಒಟ್ಟು ಗುರುತು ದುಂಡಗೆ, ಸುಮಾರು ಮೂರು ಅಂಗುಲ ಅಗಲವಿರುತ್ತದೆ. ನಾಯಿ, ತೋಳಗಳ ಹೆಜ್ಜೆಯು ನೀಳವಾಗಿದ್ದು ಉಗುರಿನ ತುದಿಗಳು ಒತ್ತಿರುತ್ತವೆ. ಕತ್ತೆಕಿರುಬದ ಮುಂಗಾಲಿನ ಹೆಜ್ಜೆಯು ಹಿಂಗಾಲಿನದಕ್ಕಿಂತ ಎದ್ದುಕಾಣುವಷ್ಟು ದೊಡ್ಡದು. ಗುರುತು ಕಂಡಲ್ಲಿ ಅದರ ಮೇಲೆ ಒಂದು ಮಂಕರಿಯನ್ನು ಬೋರಲು ಹಾಕಿ ಇಡುವುದು ಸುಲಭವಾದ ಉಪಾಯ. ಇಲ್ಲದಿದ್ದರೆ ನೋಡಬಂದವರ ಕಾಲಿನಲ್ಲಿಯೇ ಅದು ಅಳಿಸಿಹೋಗುವುದು.

ಮೊಬೈಲ್ ದೂರವಾಣಿಯಲ್ಲಿ ಬರುವ ಚಿತ್ರಗಳ ಮಾತನ್ನೂ ಇಲ್ಲಿಯೇ ಹೇಳಬೇಕು. ಯಾವುದೋ ರಾಜ್ಯದಲ್ಲಿ ಯಾವುದೋ ವರ್ಷ ತೆಗೆದ ಚಿತ್ರವು "ನಮ್ಮ ಊರ ಕೆರೆಯ ಏರಿಯಲ್ಲಿ ನಿನ್ನೆ ರಾತ್ರಿ" ಎಂಬ ಒಕ್ಕಣೆಯೊಡನೆ ಬರುತ್ತದೆ. ಚಿತ್ರವನ್ನು ಕಳುಹಿಸಿದವರು ತಾವೇ ಕಣ್ಣಾರೆ ಕಂಡರೆ, ಎಲ್ಲಿ, ಎಷ್ಟು ಹೊತ್ತಿಗೆ, ಹೆಜ್ಜೆಯೇನಾದರೂ ಇದೆಯೆ ಎಂದು ಮುಖಂಡರು ಮೂರು ಪ್ರಶ್ನೆಗಳನ್ನು ಕೇಳಿದರೆ ಅರ್ಧ ಸುದ್ದಿಗಳು ಅಲ್ಲಿಯೇ ಬಿದ್ದುಹೋಗುವುವು.

ಚಿರತೆಯು ಕಾಡಿನ ಮೃಗವು, ಊರಿಗೆ ಬಂದದ್ದು ದಾರಿತಪ್ಪಿ, ಆದುದರಿಂದ ಹಿಡಿದು ಕಾಡಿಗೆ ಕಳುಹಿಸಿದರೆ ತೊಂದರೆ ತೀರಿತು ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಸರಿಯಾದುದಲ್ಲ. 2022ರ ಗಣತಿಯ ಆಧಾರದ ಮೇಲೆ ಭಾರತದಲ್ಲಿ 13,874 ಚಿರತೆಗಳಿರುವುದಾಗಿ ಅಂದಾಜು ಮಾಡಲಾಗಿದೆ. ಅವುಗಳಲ್ಲಿ ಕರ್ನಾಟಕದ ಪಾಲು 1,879. ಮಧ್ಯಪ್ರದೇಶ ಮಹಾರಾಷ್ಟ್ರಗಳ ನಂತರ ನಮ್ಮದೇ ಮೂರನೆಯ ಸ್ಥಾನ. ಈ ಗಣತಿಯು ಮುಖ್ಯವಾಗಿ ಅರಣ್ಯ ಪ್ರದೇಶಗಳದು. ಹೊಲ ತೋಟಗಳ ನಡುವೆಯೇ ಹುಟ್ಟಿ ಬೆಳೆದು ಸಾಯುವ ಚಿರತೆಗಳು ಇದರಲ್ಲಿ ಪೂರ್ತಿಯಾಗಿ ಸೇರಿಲ್ಲ. ಮಹಾರಾಷ್ಟ್ರದ ಅಹಮದ್‌ನಗರ ಸೀಮೆಯ ಅಕೋಲೆ ಎಂಬಲ್ಲಿ ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಹೊಲದ ದಾರಿಗಳಲ್ಲಿ ಇಟ್ಟು ನೋಡಿದರು. ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಮಿಕ್ಕು ಜನರಿರುವ, ಅರಣ್ಯವೇ ಇಲ್ಲವೆನ್ನಬಹುದಾದ ಆ ಕಬ್ಬಿನ ನಾಡಿನಲ್ಲಿ, ನೂರು ಚದರ ಕಿಲೋಮೀಟರಿಗೆ ಸುಮಾರು ಐದು ಬೆಳೆದ ಚಿರತೆಗಳೂ ಅಷ್ಟೇ ಕತ್ತೆಕಿರುಬಗಳೂ ಇದ್ದುವೆಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿನ ಜನರಲ್ಲಿ ಬಹುಮಂದಿಗೆ ಅವು ಇದ್ದ ಸಂಗತಿಯೇ ನಿತ್ಯದಲ್ಲಿ ಅರಿವಿಗೆ ಬರುತ್ತಿರಲಿಲ್ಲ. ಮಂಡ್ಯದ ಕಬ್ಬಿನ ಬಯಲನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ಹೊಲದ ಚಿರತೆಗಳು ಏನನ್ನು ತಿಂದು ಬದುಕುತ್ತವೆ? ಅದೇ ಅಕೋಲೆಯಲ್ಲಿ ಅವುಗಳ ಹಿಕ್ಕೆಯನ್ನು ಪರೀಕ್ಷಿಸಿದಾಗ, ತಿಂದ ಆಹಾರದ ತೂಕದಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿಗಳದೆಂದೂ, ನಾಯಿಯೊಂದೇ 39 ಪಾಲೆಂದೂ, ಬೆಕ್ಕು 15 ಪಾಲೆಂದೂ ತಿಳಿದುಬಂದಿತು. ಮೇಕೆ ಕುರಿಗಳು ನಾಯಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿದ್ದರೂ ಅವುಗಳ ಪಾಲು ನಾಯಿಯ ಪಾಲಿಗಿಂತ ಬಹಳ ಕಡಮೆ. ಇದರ ಕಾರಣ ಸ್ಪಷ್ಟವಾಗಿದೆ: ಮೇಕೆಯನ್ನು ರಾತ್ರಿ ಒಳಗೆ ಕಟ್ಟುತ್ತಾರೆ, ನಾಯಿಯನ್ನು ಹೊರಗೆ ಬಿಡುತ್ತಾರೆ. 2019ನೆಯ ಇಸವಿಯ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 11 ಲಕ್ಷ ಬೀದಿನಾಯಿಗಳಿರುವುದಾಗಿ ಲೆಕ್ಕವಾಗಿದೆ. ಇಷ್ಟು ನಾಯಿಗಳಿಗೆ ಅನ್ನವೆಲ್ಲಿಂದ ಬರುತ್ತದೆಂದು ವಿಚಾರಿಸಿದರೆ, ಊರಹೊರಗೆ ಎಸೆದ ಸತ್ತ ದನ, ಕೋಳಿ ಅಂಗಡಿಯ ತ್ಯಾಜ್ಯ, ಕೋಳಿ ಸಾಕಣೆಯವರು ಹಳ್ಳಕ್ಕೆ ಸುರಿದ ಸತ್ತ ಕೋಳಿಗಳು, ಛತ್ರಗಳ ಎಂಜಲು ಇವುಗಳಿಂದಲೇ. ಹಿಂದೆ ಸತ್ತ ದನವನ್ನು ಹದ್ದುಗಳು ಒಂದು ದಿನದಲ್ಲಿ ಮುಗಿಸುತ್ತಿದ್ದುವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ನೋವಿನ ಔಷಧದ ದೆಸೆಯಿಂದ ರಣಹದ್ದುಗಳು ನಾಶವಾದ ಮೇಲೆ (2006ರಲ್ಲಿ ಅದನ್ನು ಪಶುಗಳಿಗೆ ಕೊಡುವುದು ನಿಷಿದ್ಧವಾಯಿತು) ಆ ಹೆಣಗಳು ನಾಯಿಗಳ ಪಾಲಾದುವು. ಹೆಣವು ನಾಯಿಯನ್ನು ಕರೆಯುತ್ತದೆ, ನಾಯಿಯು ಚಿರತೆಯನ್ನು ಕರೆಯುತ್ತದೆ, ನಾಯಿಯ ಬೆನ್ನು ಹತ್ತಿ ಬಂದ ಚಿರತೆಗೆ ಹಿತ್ತಿಲಿನ ಕರು ಕಣ್ಣಿಗೆ ಬೀಳುತ್ತದೆ. ಆದುದರಿಂದ ಸತ್ತ ದನವನ್ನು ಆಳವಾಗಿ ಹೂಳಿಸುವುದೂ, ಕೋಳಿಯ ತ್ಯಾಜ್ಯವನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿಸುವುದೂ, ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಹುಚ್ಚಿನ ಲಸಿಕೆಯನ್ನೂ ಪಂಚಾಯಿತಿಯ ಮೂಲಕ ಮಾಡಿಸುವುದೂ ಮುಖಂಡರ ಕೈಯಲ್ಲಿಯೇ ಇರುವ ಕಾರ್ಯಗಳು. ಬೋನಿಗಾಗಿ ಹತ್ತು ಅರ್ಜಿ ಬರೆಯುವ ಊರಿನಲ್ಲಿ ಹೆಣ ಹೂಳುವ ಗುಂಡಿಯೊಂದು ಇರುವುದಿಲ್ಲವೆಂಬುದು ವಿಷಾದಕರ.

ಮತ್ತೊಂದು ಕಾರಣವು ಗುಡ್ಡಗಳದು. ನಮ್ಮ ಬಯಲುಸೀಮೆಯ ಬೋಳು ಬಂಡೆಯ ಗುಡ್ಡಗಳ ಬಿರುಕು ಗವಿಗಳೇ ಚಿರತೆಯ ಹಗಲಿನ ಮನೆ. ಕಲ್ಲುಗಣಿಯವರು ಅವನ್ನು ಒಡೆದು ಸಾಗಿಸಿದಂತೆಲ್ಲ ಅದು ಕೆಳಗಿನ ಕಬ್ಬಿಗೂ, ಪಾಳುಬಿದ್ದ ತೋಟಕ್ಕೂ ಇಳಿಯುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಗೆ ಸೇರಿ, ಅನಂತರ ಅಮೃತಮಹಲ್ ಎಂಬ ಹೆಸರು ಪಡೆದ ಹುಲ್ಲುಗಾವಲುಗಳು ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಿಂದೆ ವಿಸ್ತಾರವಾಗಿ ಹಬ್ಬಿದ್ದುವು. ಅಲ್ಲಿ ಜಿಂಕೆ ಮೊಲಗಳೂ ಯಥೇಚ್ಛವಾಗಿದ್ದುವು. ಕಾವಲುಗಳು ಕರಗಿದಷ್ಟೂ ಕಾಡುಬೇಟೆಯು ಕರಗಿತು. ಮೃಗವು ಹಸಿವಿನಿಂದ ಸಾಯುವ ಬದಲು ಸುಲಭವಾಗಿ ಸಿಕ್ಕಿದ್ದನ್ನು ತಿನ್ನುತ್ತದೆ.

ಈಗ ಬೋನಿನ ವಿಷಯ. ಕರುವೊಂದು ಸತ್ತ ಮಾರನೆಯ ದಿವಸವೇ ಬೋನನ್ನು ಇಡಿಸಿ, ಸಿಕ್ಕಿದ ಚಿರತೆಯನ್ನು ದೂರದ ಕಾಡಿನಲ್ಲಿ ಬಿಡಬೇಕೆಂದು ಒತ್ತಾಯಪಡಿಸುವುದು ವಾಡಿಕೆಯಾಗಿದೆ. ಪುಣೆ ಜಿಲ್ಲೆಯ ಜುನ್ನರ್ ಸೀಮೆಯಲ್ಲಿ 2001ರಿಂದ ಹೀಗೆಯೇ ಹೊಲಗಳಿಂದ ಚಿರತೆಗಳನ್ನು ಹಿಡಿದು ಹತ್ತಾರು ಮೈಲಿ ದೂರದ ಅರಣ್ಯಗಳಲ್ಲಿ ಬಿಟ್ಟರು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ ನಾಲ್ಕರಂತೆ ನಡೆಯುತ್ತಿದ್ದ ಮನುಷ್ಯರ ಮೇಲಿನ ಹಲ್ಲೆಗಳು ಬಿಡಲಾರಂಭಿಸಿದ ತರುವಾಯ ವರ್ಷಕ್ಕೆ ಹದಿನೇಳಕ್ಕೆ ಏರಿದುವು. ಬಿಟ್ಟ ಸ್ಥಳಗಳ ಸುತ್ತಿನ ಗ್ರಾಮಗಳೂ ಇದರಿಂದ ಕಷ್ಟಕ್ಕೊಳಗಾದುವು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಚಿರತೆಗೆ ತನ್ನದೇ ಆದ ಎಲ್ಲೆಯುಂಟು; ಆ ಎಲ್ಲೆಯೊಳಗೆ ಎಲ್ಲಿ ನೀರು, ಎಲ್ಲಿ ಮರೆ, ಮನುಷ್ಯರು ಯಾವ ಹೊತ್ತಿನಲ್ಲಿ ಯಾವ ದಾರಿಯಲ್ಲಿ ನಡೆಯುವರು ಎಂಬುದನ್ನು ಅದು ಬಲ್ಲದು, ತಪ್ಪಿಸಿಕೊಂಡು ಬಾಳುತ್ತದೆ. ಅದನ್ನು ಹಿಡಿದು, ಬೋನಿನಲ್ಲಿ ಹಲ್ಲು ಉಗುರುಗಳನ್ನು ಮುರಿದುಕೊಂಡ ಸ್ಥಿತಿಯಲ್ಲಿ, ಗುರುತಿಲ್ಲದ ನೆಲದಲ್ಲಿ ಬಿಟ್ಟರೆ ಅದು ಮನೆಯ ಕಡೆಗೆ ತಿರುಗುತ್ತದೆ. ದಾರಿಯಲ್ಲಿ ಸಿಕ್ಕವರನ್ನು ಎದುರಿಸುತ್ತದೆ. ಇತ್ತ ಖಾಲಿಯಾದ ಎಲ್ಲೆಗೆ ಹೊಸದೊಂದು, ಅನೇಕ ವೇಳೆ ಅನುಭವವಿಲ್ಲದ ಎಳೆಯದು, ಬಂದು ಸೇರುತ್ತದೆ. ಒಂದು ಕರುವಿನ ಸಲುವಾಗಿ ಪರಿಚಿತವಾದ ಚಿರತೆಯನ್ನು ಕಳುಹಿಸಿ ಅಪರಿಚಿತವಾದುದನ್ನು ಬರಮಾಡಿಕೊಂಡಂತಾಗುವುದು. ಆದರೆ ಮನುಷ್ಯರ ಪ್ರಾಣ ಹೋದ ಕಡೆ ಮಾತು ಬೇರೆ. ಅಲ್ಲಿ ಅರಣ್ಯ ಇಲಾಖೆಯವರು ಆ ಮೃಗವನ್ನು ಗುರುತಿಸಿ ಹಿಡಿಯತಕ್ಕದ್ದೇ, ಮತ್ತೆ ಬಿಡತಕ್ಕದ್ದಲ್ಲ. ನರಸೀಪುರದ ದುರಂತದ ತರುವಾಯ ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯೊಂದನ್ನು ಏರ್ಪಡಿಸಿದ್ದು ಇದೇ ಕೆಲಸಕ್ಕಾಗಿ.

ಹಾಗಾದರೆ ದನಕರುಗಳನ್ನು ಕಾಪಾಡುವ ಬಗೆ ಹೇಗೆ? ಚಿರತೆಯು ಬಾಗಿಲನ್ನು ಮುರಿಯುವ ಪ್ರಾಣಿಯಲ್ಲ. ಸಂದು ನೋಡಿ ನುಸುಳುವ ಪ್ರಾಣಿ. ನಮ್ಮ ಬಹುಮಂದಿ ರೈತರ ಕುರಿದೊಡ್ಡಿಗಳಿಗೆ ಎದೆಮಟ್ಟದ ಗೋಡೆಯೂ, ಮುಳ್ಳಿನ ಬೇಲಿಯೂ ಇರುವುವು, ಮೇಲೆ ಆಕಾಶವಿರುತ್ತದೆ. ಎದೆಮಟ್ಟದ ಗೋಡೆ ಚಿರತೆಗೆ ಮೆಟ್ಟಿಲಿದ್ದಂತೆ. ಒಳಗೆ ಇಳಿದ ಮೇಲೆ ಹೊರಗೆ ಓಡಲು ದಾರಿಯಿಲ್ಲದ ಕುರಿಗಳು ಗಾಬರಿಯಿಂದ ಸುತ್ತತೊಡಗುವುವು. ಅಲ್ಲಾಡಿದ್ದನ್ನೆಲ್ಲ ಹಿಡಿಯುವುದು ಬೆಕ್ಕಿನ ಹುಟ್ಟುಗುಣವಾದ್ದರಿಂದ ಒಂದನ್ನು ತಿನ್ನಬಂದ ಮೃಗವು ಹತ್ತನ್ನು ಕೊಂದು ಹೋಗುವುದುಂಟು. ಆದಕಾರಣ ಮಾಡಿಸತಕ್ಕ ಮುಖ್ಯ ಕಾರ್ಯವು ಮೇಲ್ಚಾವಣಿಯೇ. ಹೆಂಚು ಅಥವಾ ತಗಡು ಹೊದಿಸಲು ಶಕ್ತಿಯಿಲ್ಲದವರು ಗೋಡೆಯ ಮೇಲಿಂದ ಗಟ್ಟಿಯಾದ ಕಬ್ಬಿಣದ ತಂತಿಬಲೆಯನ್ನು ಎಳೆದು ಬಿಗಿಯಬೇಕು. ಕೋಳಿಗೆ ಹಾಕುವ ತೆಳುಬಲೆ ಸಾಲದು. ಗೋಡೆಗೂ ಚಾವಣಿಗೂ ನಡುವೆ ಗಾಳಿಗೆಂದು ಬಿಟ್ಟ ಸಂದಿಗೂ ಬಲೆಯನ್ನೇ ಹಾಕತಕ್ಕದ್ದು. ಮನುಷ್ಯನ ತಲೆ ತೂರುವಷ್ಟು ಸಂದಿದ್ದರೂ ಚಿರತೆಗೆ ಸಾಕೆಂದು ತಿಳಿಯಬೇಕು. ಬಾಗಿಲು ಕೆಳಗಡೆ ನೆಲಕ್ಕೆ ಅಂಟಿಕೊಂಡಿರಲಿ, ಅಗಳಿ ಹೊರಗಡೆಯಿಂದ ಬೀಳಲಿ. ಚಾವಣಿಯ ಹೆಂಚುಗಳು ಸಡಿಲವಾಗಿದ್ದರೆ ಕೆಳಗೆ ಬಿದಿರುದಬ್ಬೆಗಳನ್ನು ಒತ್ತಾಗಿ ಕಟ್ಟಿಸುವುದು ಒಳ್ಳೆಯದು. ಕೊಟ್ಟಿಗೆಯ ಮೇಲೆ ಬಾಗಿದ ಕೊಂಬೆಗಳನ್ನು ಸವರಿಸಬೇಕು. ಸುತ್ತ ನಾಲ್ಕೈದು ಮಾರಿನಷ್ಟು ಲಂಟಾನ ಪೊದೆಯನ್ನು ತೆಗೆಸಿ ಬಯಲು ಮಾಡಿದರೆ ಚಿರತೆಗೆ ಹೊಂಚಲು ಮರೆಯಿಲ್ಲದಾಗುವುದು. ಸೌರದೀಪವೂ ಸ್ವಲ್ಪ ಸಹಾಯಕವೇ; ಆದರೆ ಒಂದೇ ಸಮನೆ ಉರಿಯುವ ದೀಪಕ್ಕೆ ಕೆಲವು ದಿವಸಗಳಲ್ಲಿ ಮೃಗವು ಒಗ್ಗಿಹೋಗುವುದರಿಂದ ಅದನ್ನೇ ನಂಬಿ ಬಾಗಿಲು ತೆರೆದಿಡಬಾರದು. ಪಟಾಕಿಯ ವಿಷಯದಲ್ಲಿಯೂ ಹಾಗೆಯೇ.

ಇದಕ್ಕೆಲ್ಲ ಹಣವೆಲ್ಲಿಯದೆಂದು ಕೇಳುವವರಿಗೆ ಒಂದು ಮಾತು: ಹತ್ತು ಮೇಕೆಗಳಿಗೆ ಸಾಕಾಗುವ ತಂತಿಬಲೆಯ ಬೆಲೆಯನ್ನು ಹತ್ತಿರದ ಪೇಟೆಯಲ್ಲಿ ವಿಚಾರಿಸಿ, ಒಂದು ಬಲಿತ ಹೋತನ ಬೆಲೆಯೊಡನೆ ತೂಗಿನೋಡಲಿ. ಊರೊಟ್ಟಿನಿಂದ ಒಂದೇ ಬಾರಿ ತರಿಸಿದರೆ ಸಾಗಣೆಯ ವೆಚ್ಚವೂ ಇಳಿಯುವುದು. ದೊಡ್ಡ ಜಮೀನುದಾರರು ತಮ್ಮ ಕೊಟ್ಟಿಗೆಯನ್ನು ಭದ್ರಮಾಡಿಕೊಂಡು ಸುಮ್ಮನಾದರೆ, ಚಿರತೆಯು ಪಕ್ಕದ ಬಡವನ ಹಿತ್ತಿಲಿಗೆ ಹೋಗುವುದಷ್ಟೇ ಫಲವಾದೀತು. ಎರಡು ಮೇಕೆಗಳೇ ಸರ್ವಸ್ವವಾಗಿರುವ ವಿಧವೆಯ ಮನೆಗೆ ಮೊದಲು ಬಲೆ ಹಾಕಿಸುವುದು ಮುಖಂಡತನಕ್ಕೆ ಒಪ್ಪುವ ಕೆಲಸ.

ಹಗಲಿನಲ್ಲಿ ಮೇಯಿಸುವಾಗ ಗುಡ್ಡದ ಬುಡಕ್ಕೂ ಹಳ್ಳದ ಪೊದೆಗೂ ದನಗಳನ್ನು ತಾವಾಗಿಯೇ ಬಿಡದೆ ಆಳನ್ನು ಕಳುಹಿಸಬೇಕು; ಸೂರ್ಯಾಸ್ತಕ್ಕೆ ಮುಂಚೆಯೇ ಮಂದೆಯು ಮನೆಗೆ ಬರಬೇಕು; ಹಿಂದುಳಿದ ಕುಂಟುಕುರಿಯನ್ನು ಕತ್ತಲಲ್ಲಿ ಹುಡುಕಲು ಹುಡುಗರನ್ನು ಕಳುಹಿಸಕೂಡದು. ಅಲೆಮಾರಿ ಕುರಿಗಾಹಿಗಳು ಹೊಲದಲ್ಲಿ ಮಂದೆ ತಂಗಿಸುವಾಗ ಬಲೆಯ ಆವರಣವನ್ನು ಕಟ್ಟಿ, ಮುಳ್ಳುಮೊಳೆಯ ಪಟ್ಟಿಯನ್ನು ನಾಯಿಯ ಕೊರಳಿಗೆ ಹಾಕುವ ಪದ್ಧತಿ ಹಳೆಯದು. ಚಿರತೆಯು ಕೊರಳಿಗೇ ಬಾಯಿ ಹಾಕುವುದರಿಂದ ಆ ಪಟ್ಟಿಯು ನಾಯಿಯ ಪ್ರಾಣ ಉಳಿಸುತ್ತದೆ. ತೋಳದ ವಿಷಯದಲ್ಲಿ ಆ ಜನರ ಸಹನೆಯು ಆಶ್ಚರ್ಯಕರ. ಒಂದು ಮರಿ ಹೋದರೆ ಅದು ತನ್ನ ಪಾಲನ್ನು ಒಯ್ದಿತೆಂದು ಹೇಳಿ ಮುಂದೆ ನಡೆಯುವ ಹಿರಿಯರು ಈಗಲೂ ಉಂಟು. ಮೇಲುಕೋಟೆಯ ವನ್ಯಜೀವಿಧಾಮವು 1974ರಲ್ಲಿ ಏರ್ಪಟ್ಟಾಗ ಅಲ್ಲಿನ ತೋಳಗಳ ರಕ್ಷಣೆಯೇ ಒಂದು ಉದ್ದೇಶವಾಗಿತ್ತು.

ಮನುಷ್ಯರ ಸುರಕ್ಷಣೆಗೆ ಸಂಬಂಧಪಟ್ಟಂತೆ ಒಂದು ಸಂಗತಿಯನ್ನು ಎಲ್ಲರಿಗೂ ತಿಳಿಸಬೇಕು. ನಿಂತ ಮನುಷ್ಯನನ್ನು ಚಿರತೆಯು ಬೇಟೆಯೆಂದು ಭಾವಿಸುವುದು ಅಪರೂಪ. ಕುಳಿತವರು, ಬಗ್ಗಿ ಹುಲ್ಲು ಕೊಯ್ಯುವವರು, ಚಿಕ್ಕ ಮಕ್ಕಳು ಇವರಿಗೇ ಅಪಾಯ ಹೆಚ್ಚು. ನರಸೀಪುರದ ಸಾವುಗಳಲ್ಲಿ ಹೆಚ್ಚಿನವು ಸಂಜೆ ಕವಿದ ಹೊತ್ತಿನಲ್ಲಿ ನಡೆದುವು. ಚಿರತೆಯ ಸುಳಿವಿರುವ ಗ್ರಾಮದಲ್ಲಿ ಮುಸ್ಸಂಜೆಯ ತರುವಾಯ ಮಕ್ಕಳು ಒಂಟಿಯಾಗಿ ಅಂಗಡಿಗೆ ಹೋಗಬಾರದು; ಹಿತ್ತಿಲ ಕಡೆಗೆ ಹೋಗುವವರು ಬೆಳಕು ಹಿಡಿದು, ಮಾತನಾಡುತ್ತಲೋ ಕೆಮ್ಮುತ್ತಲೋ ಇಬ್ಬರಾಗಿ ಹೋಗಬೇಕು; ಬೇಸಗೆಯಲ್ಲಿ ಬಾಗಿಲು ತೆರೆದು ಹೊಸ್ತಿಲ ಬಳಿ ಮಕ್ಕಳನ್ನು ಮಲಗಿಸಬಾರದು. ಮನೆಯಲ್ಲಿ ಕಕ್ಕಸಿದ್ದರೂ ಬಯಲಿಗೆ ಹೋಗುವ ಹಳೆಯ ಅಭ್ಯಾಸವನ್ನು ಬಿಡದವರಿಗೆ ಇದಕ್ಕಿಂತ ಬಲವಾದ ಕಾರಣವನ್ನು ಯಾರು ತಾನೆ ಹೇಳಿಯಾರು? ಎದುರಿಗೆ ಚಿರತೆಯು ಕಂಡರೆ ಬೆನ್ನು ತಿರುಗಿಸಿ ಓಡದೆ, ಮಗುವಿದ್ದರೆ ಎತ್ತಿಕೊಂಡು, ಕೈಗಳನ್ನು ಮೇಲೆತ್ತಿ ಕೂಗುತ್ತ ಹಿಂದಹಿಂದಕ್ಕೆ ಸರಿಯತಕ್ಕದ್ದು.

ಹಗಲಿನಲ್ಲಿ ಚಿರತೆಯು ಊರೊಳಗೆ, ಮನೆಯೊಳಗೋ ತೋಟದ ಮೂಲೆಯಲ್ಲೋ ಸಿಕ್ಕಿಕೊಂಡಾಗ ಆಗುವ ಗಾಯಗಳಲ್ಲಿ ಬಹುಭಾಗವು ನೋಡಲು ನೆರೆದ ಗುಂಪಿನಿಂದಲೇ. ಸುತ್ತ ಸಾವಿರ ಜನರು ನಿಂತು ಕಲ್ಲೆಸೆದರೆ ಮೃಗಕ್ಕೆ ಜನರ ನಡುವಿನಿಂದಲ್ಲದೆ ಬೇರೆ ದಾರಿಯಿರುವುದಿಲ್ಲ. 2016ನೆಯ ಇಸವಿ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಶಾಲೆಯೊಳಗೆ ಚಿರತೆಯು ನುಗ್ಗಿದಾಗ ಅರಿವಳಿಕೆ ಕೊಟ್ಟು ಹಿಡಿಯುವ ಕೆಲಸದಲ್ಲಿ ನುರಿತವರೇ ಗಾಯಗೊಂಡರು. ಅವರಲ್ಲಿ ಚಿರತೆಗಳ ವಿಷಯವಾಗಿ ಬಹುಕಾಲ ಶೋಧನೆ ಮಾಡಿರುವ ಸಂಜಯ್ ಗುಬ್ಬಿಯವರೂ ಒಬ್ಬರು. ಅರಿವಳಿಕೆಯ ಸೂಜಿ ತಗುಲಿದ ಕ್ಷಣದಲ್ಲಿಯೇ ಮೃಗವು ಬೀಳುವುದಿಲ್ಲ, ಹಲವು ನಿಮಿಷಗಳು ಬೇಕು. ಆ ನಿಮಿಷಗಳೇ ಅತ್ಯಂತ ಅಪಾಯದವು. ಮುಖಂಡರು ಅರಣ್ಯ ಇಲಾಖೆಗೆ (ಸಹಾಯವಾಣಿಯ ಸಂಖ್ಯೆ 1926) ತಿಳಿಸಿ, ಪೊಲೀಸರನ್ನೂ ಕರೆಸಿ, ಜನರನ್ನು ಮನೆಗಳಿಗೆ ಕಳುಹಿಸಿ ಒಂದು ಕಡೆ ದಾರಿಯನ್ನು ಬಿಡಿಸಿಟ್ಟರೆ, ಕತ್ತಲಾದ ಮೇಲೆ ಮೃಗವು ತಾನಾಗಿಯೇ ಹೊರಟುಹೋಗುವುದೇ ಹೆಚ್ಚು.

ಉರುಳು ಕಟ್ಟುವುದು, ಹೆಣಕ್ಕೆ ವಿಷ ಬೆರೆಸುವುದು, ಬೇಲಿಗೆ ವಿದ್ಯುತ್ತು ಹರಿಸುವುದು ಇವು ಮೂರೂ ಅಪರಾಧಗಳು, ಮೂರೂ ಹಿಂದಕ್ಕೆ ತಿರುಗಿ ಕಚ್ಚುವಂಥವು. ಹಂದಿಗೆಂದು ಕಟ್ಟಿದ ತಂತಿಯ ಉರುಳಿಗೆ ಚಿರತೆಗಳು ಸಿಕ್ಕಿ ಸೊಂಟ ಕಡಿದುಕೊಂಡು ಸತ್ತ ನಿದರ್ಶನಗಳು ನಮ್ಮ ಜಿಲ್ಲೆಗಳಲ್ಲಿ ಅನೇಕವಿವೆ; ಬಿಡಿಸಿಕೊಂಡು ಕುಂಟುತ್ತ ಹೋದ ಚಿರತೆಯು ಓಡುವ ಬೇಟೆಯನ್ನು ಹಿಡಿಯಲಾರದೆ ಹೋಗುವುದರಿಂದ ಅದರ ಭಯವೇ ಹೆಚ್ಚು. ಬೇಲಿಯ ವಿದ್ಯುತ್ತಿಗೆ ನೀರು ಕಟ್ಟಲು ಹೋದ ರೈತರೇ ಬಲಿಯಾದದ್ದೂ ಉಂಟು. ಹಿಂದಿನ ಕಾಲದಲ್ಲಿ ಚಿರತೆಯನ್ನು ಕೊಂದವರಿಗೆ ಸರ್ಕಾರದಿಂದ ಇನಾಮು ದೊರೆಯುತ್ತಿದ್ದುದನ್ನು ಹಿರಿಯರು ಹೇಳಿ ಕೇಳಿರಬಹುದು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಚಿರತೆಯೂ ತೋಳವೂ ಸೇರಿವೆ. ಕೊಂದವರಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದಂತೆ ಏಳು ವರ್ಷಗಳವರೆಗೆ ಸಜೆಯೂ, 25,000 ರೂಪಾಯಿಗೆ ಕಡಮೆಯಿಲ್ಲದ ಜುಲ್ಮಾನೆಯೂ ವಿಧಿಸಲ್ಪಡುತ್ತದೆ. ಮೈಮೇಲೆ ಬಿದ್ದಾಗ ಪ್ರಾಣರಕ್ಷಣೆಗಾಗಿ ಹೊಡೆದದ್ದು ಮಾತ್ರ ಅಪರಾಧವಲ್ಲವೆಂದು ಅದೇ ಕಾಯಿದೆಯ 11ನೆಯ ಪ್ರಕರಣದಲ್ಲಿ ಹೇಳಿದೆ.

ದನ ಸತ್ತಲ್ಲಿ ಪರಿಹಾರವನ್ನು ಪಡೆಯುವ ಕ್ರಮವನ್ನು ಮುಖಂಡರು ಚೆನ್ನಾಗಿ ತಿಳಿದಿರಬೇಕು. ಅರ್ಜಿಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಮೊದಲನೆಯ ದಿನದ ಅಜಾಗರೂಕತೆಯಿಂದ. ಹೆಣವನ್ನು ಕದಲಿಸದೆ, ಚರ್ಮ ಸುಲಿಯದೆ, ಮೇಲೆ ಮುಳ್ಳು ಮುಚ್ಚಿ ನಾಯಿಗಳಿಂದ ಕಾಪಾಡಬೇಕು. ಅದೇ ದಿವಸ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿ, ಅವರ ಸಿಬ್ಬಂದಿಯು ಬಂದು ಮಹಜರು ಬರೆಯುವವರೆಗೂ, ಪಶುವೈದ್ಯರು ಪರೀಕ್ಷಿಸಿ ಪ್ರಮಾಣಪತ್ರ ಕೊಡುವವರೆಗೂ ಕಾಯತಕ್ಕದ್ದು. ಗಂಟಲಿನ ಗಾಯ, ಹೆಜ್ಜೆಯ ಗುರುತು, ಎಳೆದ ಜಾಡು ಇವುಗಳ ಚಿತ್ರಗಳನ್ನು ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ತೆಗೆಸಿದರೆ ಉಪಯೋಗವಾಗುವುದು. ದನದ ಯಜಮಾನನ ಗುರುತಿನ ಚೀಟಿಯೂ ಬ್ಯಾಂಕಿನ ಲೆಕ್ಕದ ವಿವರವೂ ಸಿದ್ಧವಾಗಿರಲಿ. ಮನುಷ್ಯರ ಮರಣಕ್ಕೆ ಸಂಬಂಧಿಸಿದ ಪರಿಹಾರವನ್ನು 2022ನೆಯ ಇಸವಿ ಡಿಸೆಂಬರ್‌ನಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ದನಕರುಗಳ ಮೊಬಲಗು ಕಾಲಕಾಲಕ್ಕೆ ಬದಲಾಗುವುದರಿಂದ ವಲಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆ ಮೊಬಲಗು ಪೇಟೆಯ ಬೆಲೆಗೆ ಸರಿಯಾಗುವುದಿಲ್ಲವೆಂಬ ರೈತರ ಆಕ್ಷೇಪಣೆಯಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಅರ್ಜಿಯನ್ನೇ ಹಾಕದಿದ್ದರೆ ನಷ್ಟವು ಎಷ್ಟೆಂಬುದು ಸರ್ಕಾರದ ಲೆಕ್ಕಕ್ಕೂ ಬರುವುದಿಲ್ಲ.

ಕಬ್ಬು ಕಡಿಯುವ ಕಾಲದಲ್ಲಿ ಜಮೀನುದಾರರು ಆಳುಗಳಿಗೆ ಮುಂಚಿತವಾಗಿಯೇ ತಿಳಿಸಬೇಕಾದ ವಿಷಯವೊಂದು ಉಳಿದಿದೆ. ಹೆಣ್ಣು ಚಿರತೆಯು ಸುಮಾರು ಮೂರು ತಿಂಗಳ ಗರ್ಭಾವಧಿಯ ನಂತರ ಎರಡು ಮೂರು ಮರಿಗಳನ್ನು ಹಾಕುತ್ತದೆ. ಆಳೆತ್ತರ ಬೆಳೆದ ಕಬ್ಬು ಅದಕ್ಕೆ ಗವಿಯಂತೆಯೇ ಭದ್ರವಾಗಿ ತೋರುತ್ತದೆ. ಕಡಿಯುವಾಗ ಮರಿಗಳು ಕಂಡರೆ ತಾಯಿಯು ಬಿಟ್ಟುಹೋಯಿತೆಂದು ಭಾವಿಸಿ ಮನೆಗೆ ಒಯ್ಯುವುದಾಗಲಿ, ಜನರನ್ನು ಕರೆದು ತೋರಿಸುವುದಾಗಲಿ ಕೂಡದು. ತಾಯಿಯು ಹತ್ತಿರದಲ್ಲಿಯೇ ಅಡಗಿರುತ್ತದೆ. ಮರಿ ಕಾಣದಿದ್ದರೆ ಕೆಲವು ರಾತ್ರಿಗಳವರೆಗೆ ಅದೇ ಹೊಲವನ್ನು ಸುತ್ತುತ್ತದೆ. ಆ ರಾತ್ರಿಗಳಲ್ಲಿ ನೀರು ಕಟ್ಟಲು ಹೋದವರ ಗತಿಯನ್ನು ಯೋಚಿಸಬೇಕು. ಕೆಲಸವನ್ನು ಅಲ್ಲಿಗೆ ನಿಲ್ಲಿಸಿ, ಆ ಭಾಗದ ನಾಲ್ಕಾರು ಗುಂಟೆ ಕಬ್ಬನ್ನು ನಿಲ್ಲಿಸಿ, ಅರಣ್ಯದವರಿಗೆ ಹೇಳಿಕಳುಹಿಸತಕ್ಕದ್ದು. ಮರಿಗಳನ್ನು ಆಗಲೇ ಎತ್ತಿಬಿಟ್ಟಿದ್ದಲ್ಲಿ ಅವರು ವೈದ್ಯರಿಂದ ಪರೀಕ್ಷೆ ಮಾಡಿಸಿ, ಕತ್ತಲಾಗುವ ಮುನ್ನ ಒಂದು ಪೆಟ್ಟಿಗೆಯಲ್ಲಿ ಸಿಕ್ಕಿದ ಸ್ಥಳದಲ್ಲಿಯೇ ಇಡುತ್ತಾರೆ. ಜುನ್ನರ್ ಸೀಮೆಯಲ್ಲಿ ಹೀಗೆ ಇಟ್ಟ ಅನೇಕ ಮರಿಗಳನ್ನು ತಾಯಿಯು ಅದೇ ರಾತ್ರಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿ ಒಯ್ದಿರುತ್ತದೆ. ನಿಲ್ಲಿಸಿದ ಕಬ್ಬನ್ನು ಎರಡು ಮೂರು ದಿವಸಗಳ ತರುವಾಯ, ಹೆಜ್ಜೆಯ ಗುರುತನ್ನು ನೋಡಿಕೊಂಡು, ಒಂದೇ ಕಡೆಯಿಂದ ಸದ್ದು ಮಾಡುತ್ತ ಕಡಿಸಬಹುದು.